ಕೋರಾ ಚೀಲವನ್ನೇ ಆರಿಸು

ಗದಗ-ಬೆಟಗೇರಿ,
ಎರಡನೆಯ ಶ್ರಾವಣದ ನಲವತ್ತೊಂದನೆಯ ದಿನ, 2171.

ಪ್ರಿಯ ನಿವೇದಿತಾ,

ಈ ತಾರೀಖನ್ನು ಕಂಡು ನಗಬೇಡ. ಮಳೆ ಪೂರ್ತಿ ನಿಲ್ಲುವವರೆಗೆ ನಮ್ಮಲ್ಲಿ ಶ್ರಾವಣ ಮುಗಿಯುವುದಿಲ್ಲ. ನನ್ನ ಕೆಲವು ಮಾತುಗಳೂ ನಿನ್ನ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸು. ನೀನು ನನ್ನ ಅಜ್ಜಿಯ ಅಜ್ಜಿ, ಆದ್ದರಿಂದ ಬಹುವಚನದಲ್ಲಿ ಕರೆಯುವುದೇ ಮರ್ಯಾದೆ. ಆದರೆ ನನಗೀಗ ಎಪ್ಪತ್ತೊಂದು, ನೀನು ಇಪ್ಪತ್ತಾರರ ಬಸುರಿ. ಪಕ್ಕದಲ್ಲಿ ಕೂತು ಕೈ ಹಿಡಿದು ಹೇಳಬೇಕಾದ ಮಾತಿದು. ಅದಕ್ಕೇ ಏಕವಚನ.

ನಾನು ಈ ಊರಿನ ಬಾಣಂತಿಗುರು. ಹೊಸದಾಗಿ ತಾಯಿ ತಂದೆಯಾದವರ ಮನೆಗೆ ಮೊದಲ ವರ್ಷವಿಡೀ ಹೋಗಿ, ಕೂಸನ್ನು ಎತ್ತುವುದರಿಂದ ಹಿಡಿದು ಜ್ವರ ನೋಡುವವರೆಗೆ ಕಲಿಸಿಕೊಡುವವರನ್ನು ಹಾಗೆ ಕರೆಯುತ್ತೇವೆ. ನೀವು ಡೈಪರ್ ಬ್ಯಾಗ್ ಎನ್ನುವುದು ನಮಗೆ ಕೂಸುಜೋಳಿಗೆ. ಹೊಸ ಜೋಳಿಗೆ ಮನೆಗೆ ಬಂದರೆ ಏಳು ದಿನ ಅದನ್ನು ಅಂಗಳದ ಹಗ್ಗಕ್ಕೆ ಒಳಮೈ ಹೊರಗೆ ಮಾಡಿ ತೂಗುಹಾಕುತ್ತೇವೆ. ಅದು ಬಿಸಿಲುವಾರ. ಎಂಟನೆಯ ದಿನ ಮನೆಯವರೆಲ್ಲ ಸಾಲಾಗಿ ಬಂದು ಅದರೊಳಗೆ ಮೂಗಿಟ್ಟು ಮೂಸುತ್ತಾರೆ. ಕಟು ವಾಸನೆ ಇನ್ನೂ ಉಳಿದಿದ್ದರೆ ಅಂಗಡಿಗೆ ವಾಪಸ್. ವಾಸನೆ ಇಲ್ಲದ್ದೆಲ್ಲ ಒಳ್ಳೆಯದಲ್ಲವೆಂದು ಬಲ್ಲೆವು, ಆದ್ದರಿಂದ ಮೂಸುವ ಮೊದಲೇ ಅಂಗಡಿಯವನನ್ನು ಕೇಳಿರುತ್ತೇವೆ: ಒಳಪದರು ಯಾವುದರದು, ನೀರು ಜಾರಲು ಮೇಲೆ ಏನು ಬಳಿದಿದ್ದಾರೆ, ಹಿಡಿಕೆಯ ಬಣ್ಣ ಬಿಡುತ್ತದೆಯೇ. ಕೂಸು ಜೋಳಿಗೆಯ ಚಿತ್ರ ನೋಡುವುದಕ್ಕಿಂತ ಮೊದಲು ಅದರ ಪಟ್ಟಿಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ ಎಂಬುದು ನನ್ನ ಮೊದಲ ಪಾಠ. ಇನ್ನೂರಕ್ಕೂ ಹೆಚ್ಚು ಮನೆಗಳಲ್ಲಿ ಅದನ್ನು ಹೇಳಿಕೊಟ್ಟಿದ್ದೇನೆ.

ಆದರೂ ನನ್ನ ಮನೆಯ ಜೋಳಿಗೆಯನ್ನು ನಾನು ಒಮ್ಮೆಯೂ ಮೂಸಿರಲಿಲ್ಲ.

ಅದು ನಿನ್ನದು. ಗಿಳಿಯ ಚಿತ್ರವಿರುವ, ಹೊಳೆಯುವ ಹಸಿರು ಚೀಲ. ನಿನ್ನ ನಂತರ ನಿನ್ನ ಮಗಳು, ನನ್ನ ಅಜ್ಜಿ, ನನ್ನ ಅವ್ವ, ನಾನು, ನನ್ನ ಮಗಳು ಎಲ್ಲರೂ ಅದನ್ನು ಹೆಗಲಿಗೆ ಹಾಕಿಕೊಂಡವರೇ. ಹೊರಬಟ್ಟೆಯನ್ನು ಮೂರು ಸಲ ಹೊಲಿಸಿದ್ದೇವೆ. ಒಳಗಿನ ಪ್ಲಾಸ್ಟಿಕ್ ಮಾತ್ರ ನಿನ್ನ ಕಾಲದ್ದೇ. ಹಳೆಯ ಜೋಳಿಗೆಗೆ ಬಿಸಿಲುವಾರವಿಲ್ಲ, ತಲೆಮಾರು ಕಂಡದ್ದು ತಾನೇ ಶುದ್ಧ ಎಂಬುದು ನಮ್ಮ ರೂಢಿ. ನಮ್ಮಂಥವರು ಮಾತ್ರ ಮಾಡಬಹುದಾದ ತಪ್ಪು ಅದು. ಹೊಸದನ್ನು ಅನುಮಾನಿಸಲು ಕಲಿತೆವು, ಹಳೆಯದಕ್ಕೆ ಕೈಮುಗಿದು ಸುಮ್ಮನಾದೆವು.

ಮೊಮ್ಮಗಳು ಇಂಚರಾಳ ಕೂಸಿಗೆ ಈಗ ಆರು ತಿಂಗಳು. ಹೆಸರಿಟ್ಟ ದಿನ ನಾನೇ ಆ ಚೀಲವನ್ನು ತೊಟ್ಟಿಲ ಸರಪಳಿಗೆ ಕಟ್ಟಿದ್ದೆ. ಮೊನ್ನೆ ಬೆಳಿಗ್ಗೆ ಇಂಚರಾ ಕೂಸಿನ ಬಾಯಿಂದ ಉಗುರಿನಷ್ಟಗಲದ ಹಸಿರು ಹಕ್ಕಳೆಯೊಂದನ್ನು ತೆಗೆದಳು. ಚೀಲದ ಒಳಪದರು ಒಣಗಿ, ಹಿಡಿಕೆಯ ಬುಡದಲ್ಲಿ ಎದ್ದು ಬರುತ್ತಿತ್ತು. ಅವಳು ಅದನ್ನು ಬಿಚ್ಚಿ ಹೊರಗಿಟ್ಟಾಗ ನಾನು ಸಿಟ್ಟಾದೆ.

"ಆರು ತಲೆಮಾರಿನ ಪ್ರೀತಿನವ್ವಾ ಅದು" ಎಂದೆ.

"ಪ್ರೀತಿನ ಇರ್ಲಿ ಅಜ್ಜೀ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನನ್ನ ಕೂಸಿನ ಬಾಯಾಗ ಸಿಕ್ಕಿದ್ದು ಪ್ಲಾಸ್ಟಿಕ್. ಊರ ಮಂದಿಗೆಲ್ಲಾ ಮೂಸ್ರಿ ಮೂಸ್ರಿ ಅಂತಿ, ಇದನ್ನ ಒಮ್ಮೆರ ಮೂಸಿ ನೋಡಿಯೇನು?"

ಮೂಸಿದೆ. ಕಾದ ರಬ್ಬರಿನಂಥ ವಾಸನೆ, ನೂರಾ ನಲವತ್ತು ವರ್ಷಗಳ ನಂತರವೂ. ಕೂಸು ಚೆನ್ನಾಗಿದೆ, ಹೆದರಬೇಡ. ಆದರೆ ಹಿಂದಿನ ಆರು ಬಾಯಿಗಳಿಗೆ ಏನೇನು ಹೋಗಿರಬಹುದೋ ಎಂಬುದನ್ನು ಹೇಳಬಲ್ಲವರು ಯಾರೂ ಇಲ್ಲ.

ಆಗಲೇ ಒಳಜೇಬಿನ ಎದ್ದ ಪದರಿನ ಹಿಂದೆ, ಇಷ್ಟು ವರ್ಷ ಯಾರಿಗೂ ಕಾಣದೆ ಉಳಿದಿದ್ದ ನಿನ್ನ ಪುಟ್ಟ ನೋಟ್‌ಬುಕ್ ಕೈಗೆ ಸಿಕ್ಕಿತು. ಆಸ್ಪತ್ರೆಗೆ ಒಯ್ಯಬೇಕಾದ ಸಾಮಾನುಗಳ ಪಟ್ಟಿಯ ಕೆಳಗೆ ನೀನು ಬರೆದಿದ್ದೆ: "ಎರಡು ಬ್ಯಾಗ್ ನೋಡೇನಿ. ಒಂದು ಗಿಳಿದು, ಭಾಳ ಚಂದ ಐತಿ, ಒಳಗ ಮೂಗು ಹಿಡಿಯೂವಂಥಾ ವಾಸನಿ. ಇನ್ನೊಂದು ಕೋರಾ ಬಟ್ಟೀದು, ಗೋಣಿಚೀಲ ಇದ್ದಂಗ ಐತಿ. ಯಾವುದು ತಗೊಳ್ಳಲಿ? ಯಾರನ್ನ ಕೇಳಲಿ?" ಅದಕ್ಕೆ ಯಾರೂ ಉತ್ತರ ಕೊಟ್ಟಂತಿಲ್ಲ. ತಡವಾಯಿತು, ನಾನು ಕೊಡುತ್ತೇನೆ.

ಕೋರಾ ಬಟ್ಟೆಯದನ್ನು ತಗೋ ತಾಯಿ. ಬಣ್ಣ ಹಾಕದ ದಪ್ಪ ಹತ್ತಿಯದು, ಒಳಗೂ ಬಟ್ಟೆಯೇ ಇರುವಂಥದ್ದು. ಒದ್ದೆ ಬಟ್ಟೆಗೆ ಒಗೆಯಲು ಬರುವ ಬೇರೆ ಪುಟ್ಟ ಚೀಲವಿರಲಿ. ಮೂರು ಸಲ ಒಗೆದು ಬಿಸಿಲಿಗೆ ಹಾಕು. ಹೊರಗಿನ ಚೀಟಿಯಲ್ಲಿ ಸುರಕ್ಷಿತ ಎಂದು ಅಚ್ಚಾಗಿದ್ದರೆ ಅಷ್ಟಕ್ಕೇ ಸಮಾಧಾನಗೊಳ್ಳಬೇಡ, ಒಳಗೇನಿದೆ ಎಂದು ಕೇಳು. ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ಇಟ್ಟು ಬಾ. ನಿನ್ನ ಮೂಗು ಆಗಲೇ ಹೇಳಿದ್ದನ್ನು ನಂಬು.

ಹೀಗೆ ಕೇಳಿ ನಾನೇನು ಕಳೆದುಕೊಳ್ಳುತ್ತೇನೆಂದು ಬಲ್ಲೆ. ಕೋರಾ ಚೀಲ ನೂರು ವರ್ಷ ಬಾಳುವುದಿಲ್ಲ. ಒಗೆದು ಒಗೆದು ಹರಿಯುತ್ತದೆ, ನೆಲ ಒರೆಸುವ ಅರಿವೆಯಾಗುತ್ತದೆ, ಕೊನೆಗೆ ಹಿತ್ತಲ ಮಣ್ಣು ಸೇರುತ್ತದೆ. ಅದರ ಜೇಬಿನಲ್ಲಿ ನಿನ್ನ ನೋಟ್‌ಬುಕ್ ಉಳಿಯುವುದಿಲ್ಲ. ನಿನ್ನ ದುಂಡನೆಯ ಅಕ್ಷರಗಳನ್ನು ನಾನು ಕಾಣುವುದಿಲ್ಲ. ನಿನ್ನದೆಂದು ನನ್ನ ಬಳಿ ಇರುವುದು ಇದೊಂದೇ.

ಆದರೂ ಅದನ್ನೇ ತಗೋ. ಚೀಲ ನಮ್ಮ ತನಕ ಬರುವುದು ಬೇಡ. ಕೂಸು ಬಂದರೆ ಸಾಕು.

ನಿನ್ನ ಮೊಮ್ಮಗಳ ಮೊಮ್ಮಗಳು,
ನೀಲಾಂಬಿಕೆ