ಉಚ್ಚಂಗೆಮ್ಮಗೆ ಬಂದ ಮೂಲಾ ನಕ್ಷತ್ರ

11-1-88, ಸೋಮವಾರ, ಬೆಳಿಗ್ಗೆ

ಇವತ್ತೂ ಕೀಬೋರ್ಡ್ ಮ್ಯಾಲೆ ವಿಭೂತಿ. ಸ್ಪೇಸ್‌ಬಾರಿನ ಸಂದಿಯೊಳಗ ಕುಂಕುಮ ಕೆಸರಾಗಿತ್ತು. ಪಿನ್ನಿಲೆ ಕೆರೆದು ತೆಗೆದೆ. ಥೂ.

ಅಣ್ಣ ಉಜ್ಜಿನಪ್ಪ ಜಳಕ ಮಾಡಿ ಬಂದು ಮೊದಲು ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗ್ತಾನ, ದೇವರ ಸರದಿ ಆಮ್ಯಾಲೆ. ಬೂದಿ ನೆಟ್ಟಗ ಫ್ಲಾಪಿ ಹಾಕೋ ಬಾಯಿಗೇ ಬೀಳ್ತೈತಿ. ಹೇಳಿದರ, "ದೇವರ ಬೂದಿ ನೀಲಾ, ಏನೂ ಆಗಂಗಿಲ್ಲ" ಅಂತಾನ.

ಕೊಟ್ಟೂರಾಗ ಮನಿಯೊಳಗ ಕಂಪ್ಯೂಟರ್ ಇಟ್ಟಾವ ತಾನೊಬ್ಬನ ಅಂತ ಜಂಬ. ಹುಬ್ಬಳ್ಳಿಯಿಂದ ಹಳೇದು ತಂದ. ಜೋಡಿಗೆ ಜಾತಕದ ಪ್ರೋಗ್ರಾಂ. ಬಾಗಿಲಿಗೆ ಬೋರ್ಡು — ಕಂಪ್ಯೂಟರ್ ಜಾತಕ, ತಪ್ಪಿಲ್ಲ. ಟೈಪ್ ಮಾಡಾಕಿ ನಾನು. ಬಿ.ಎಸ್ಸಿ. ಗಣಿತ ಓದಿದ್ದು ಇದಕ್ಕ. ಇಂಗ್ಲಿಷ್ ಹಾಳಿ ಓದಿ ಹೇಳಾಂವ ಅಣ್ಣ. ಧ್ವನಿ ದಪ್ಪ ಮಾಡ್ಕೊಂಡು. ಜನ ಕೈ ಮುಗಿದು ಕೇಳ್ತಾರ. ನೋಡಿ ನೋಡಿ ಹೇಸಿಗಿ ಬಂದೈತಿ.

21-1-88, ಗುರುವಾರ

ಕೂಡ್ಲಿಗಿ ತಾಲೂಕು ಆಫೀಸಿನ ಗುಮಾಸ್ತ ಪಕ್ಕೀರಪ್ಪ ಬಂದಿದ್ದರು. ಜೋಡಿಗೆ ಮಗಳು ಉಚ್ಚಂಗೆಮ್ಮ, ಅಲ್ಲೇ ಸರ್ಕಾರಿ ಆಸ್ಪತ್ರೆಯಾಗ ನರ್ಸ್. ಹಡಗಲಿಯ ಪಾಲಣ್ಣ ಮೇಷ್ಟ್ರಿಗೆ ಹೆಚ್ಚು ಕಡಿಮಿ ನಿಶ್ಚಯ. ಪಾಲಣ್ಣನ ಅಪ್ಪ ಜಂಬಣ್ಣಗ ಮಾತ್ರ ಕಂಪ್ಯೂಟರ್ ಹಾಳಿ ಆಗಬೇಕು. ಆತನೂ ಬಂದಿದ್ದ.

ನಾನು ಆಕಿ ಹುಟ್ಟಿದ ತಾರೀಖು, ಹೊತ್ತು ಹೊಡದೆ. ಮಷೀನ್ ಗರಗರ ಅನ್ನಾಕ ಹತ್ತಿತ್ತು. ಅಷ್ಟರಾಗ ಅಣ್ಣ ಬಲಗಡಿ ಬಾಯಿ — ಬಿ ಡ್ರೈವ್ — ತಗದು ಫ್ಲಾಪಿ ಹೊರಗ ಎಳದ. "ನೋಡ್ರಿ ಜಂಬಣ್ಣಾರ, ಇದರಾಗ ಸಾವಿರ ಜಾತಕ ಅದಾವ. ಏನೂ ಮರಿಯಾಂಗಿಲ್ಲ." ಆತ ಮೂಸಿ ನೋಡಿದ, ಖರೇನ ಮೂಸಿದ. ಅಣ್ಣ ತಿರುಗಿ ಹಾಕಿದ್ದು ಟೇಬಲ್ ಮ್ಯಾಲೆ ಬಿದ್ದಿದ್ದ ಇನ್ನೊಂದು ಫ್ಲಾಪಿ. ನೋಡಿದೆ. ಅದರಿಂದ ಏನಾದೀತು ಅಂತ ತಿಳೀಲಿಲ್ಲ.

ಹಾಳಿ ಬಂತು. ಮೂಲಾ ನಕ್ಷತ್ರ.

ಮೂಲಾ ನಕ್ಷತ್ರದ ಸೊಸಿ ಬಂದರ ಮಾವಗ ಆಗಿಬರಾಂಗಿಲ್ಲ ಅಂತ ಜನ ನಂಬ್ತಾರ. ಜಂಬಣ್ಣನ ಮುಖ ಸಣ್ಣದಾತು. ಅತ್ತಿಗಿ ತಂದ ಚಹಾ ಮುಟ್ಟಲಿಲ್ಲ, ಎದ್ದು ಹೋದ. ಉಚ್ಚಂಗೆಮ್ಮ ಹಾಳಿ ಕಡೆ ನೋಡಲೇ ಇಲ್ಲ, ನನ್ನ ನೋಡಿದಳು. ನಾನು ಪ್ರಿಂಟರಿನ ಕಾಗದ ಹರಿದು ನೆಟ್ಟಗ ಮಾಡಿದೆ, ಅದೇನು ದೊಡ್ಡ ಕೆಲಸ ಅನ್ನಂಗ.

ಅಣ್ಣ ಬಾಗಿಲತನ ಹೋಗಿ ಪಕ್ಕೀರಪ್ಪಗ, "ಶಾಂತಿ ಮಾಡಿಸಬೌದ್ರಿ, ನನಗ ಗೊತ್ತಿದ್ದೋರು ಅದಾರ" ಅಂದ.

24-1-88, ಭಾನುವಾರ

ಮಷೀನ್ ಜೋಡಿ ಬಂದ ಇಂಗ್ಲಿಷ್ ಪುಸ್ತಕ ತಗದೆ. ಅಣ್ಣ ಅದನ್ನ ಪ್ಲಾಸ್ಟಿಕ್ ಕವರಿನಾಗ ಹಾಕಿ ದೇವರ ಜಗಲಿ ಮ್ಯಾಲೆ ಇಟ್ಟಾನ. ಯಾರೂ ಓದಿಲ್ಲ. ಒಂದು ಕಡೆ ದಪ್ಪ ಅಕ್ಷರದಾಗ — ಕೆಲಸ ನಡೆದಾಗ ಬಿ ಡ್ರೈವಿನ ಫ್ಲಾಪಿ ಬದಲಾಯಿಸಬೇಡಿ, ಈ ಪ್ರೋಗ್ರಾಂ ವರ್ಚುವಲ್ ಮೆಮೊರಿ ಬಳಸುತ್ತದೆ.

ಇದೇನು ಮೆಮೊರಿ? ಇದ್ದೂ ಇಲ್ಲದ್ದಾ? ಊಟದ ಹೊತ್ತಿನ ತನಕ ಅದೇ ಪುಟ. ಅರ್ಧಕ್ಕರ್ಧ ತಿಳೀಲಿಲ್ಲ. ಅತ್ತಿಗಿ ಕರೆದು ಕರೆದು ಸಾಕಾದಳು.

ಮಧ್ಯಾಹ್ನ ಹೊಳೀತು. ಮನಿಯಾಗ ಊಟದ ಪಂಕ್ತಿ ಇದ್ದಂಗ. ಪಡಸಾಲಿ ಸಣ್ಣದು, ಬಂದ ಮಂದಿ ಬಹಳ. ಹಿಡಿದಷ್ಟು ಮಂದೀನ ಒಳಗ ಕುಂದರಿಸಿ ಉಳಿದವರಿಗೆ ನಂಬರ್ ಕೊಟ್ಟು ಕಟ್ಟಿ ಮ್ಯಾಲೆ ಕೂಡಿಸಬೇಕು. ಬೇಕಾದಾಗ ನಂಬರ್ ಕೂಗಿ ಒಳಗ ಕರೀಬೇಕು, ಊಟ ಆದವರು ಹೊರಗ. ಮಷೀನಿನ ಲೆಕ್ಕದಾಗ ಕಟ್ಟಿ ಮ್ಯಾಲಿನವರೂ ಪಡಸಾಲಿಯಾಗ ಇದ್ದಂಗನ. ಹಂಗಾಗಿ ಸಣ್ಣ ಮೆಮೊರಿಯಾಗ ದೊಡ್ಡ ಕೆಲಸ ಆಗ್ತೈತಿ. ಕಟ್ಟಿ ಅಂದರ ಬಿ ಡ್ರೈವಿನ ಫ್ಲಾಪಿ. ಆ ಕಟ್ಟೀನ ಬದಲಿ ಮಾಡಿಬಿಟ್ಟರ? ಏಳನೇ ನಂಬರ್ ಅಂತ ಕೂಗಿದರ ಬ್ಯಾರೆ ಯಾರದೋ ಮನಿ ಏಳನೇ ನಂಬರ್ ಬಂದು ಎಲಿ ಮುಂದ ಕುಂದರ್ತಾನ. ಮಷೀನ್ ಮುಖ ನೋಡಂಗಿಲ್ಲ. ಬಡಿಸ್ತೈತಿ.

ಆ ಹಾಳೀನೂ ಹಂಗ. ಮ್ಯಾಲಿನ ಹೆಸರು ಉಚ್ಚಂಗೆಮ್ಮಂದು. ಕೆಳಗಿನ ನಕ್ಷತ್ರ ಯಾರದೋ.

25-1-88

ಅಣ್ಣ ತನ್ನ ಬಟ್ಟಿ ಅಂಗಡಿಗೆ ಹೋದ ಮ್ಯಾಲೆ ಉಚ್ಚಂಗೆಮ್ಮನ ತಾರೀಖು ತಿರುಗಿ ಹೊಡದೆ. ಫ್ಲಾಪಿ ಮುಟ್ಟಲಿಲ್ಲ. ಸ್ವಾತಿ. ಮತ್ತೊಮ್ಮೆ, ನಡುವ ಫ್ಲಾಪಿ ಬದಲಿ ಮಾಡಿ. ಮೂಲಾ!

ಊಟಕ್ಕ ಬಂದಾಗ ಎರಡೂ ಹಾಳಿ ಅಣ್ಣನ ಮುಂದ ಇಟ್ಟೆ. ಓದಿದ. ರೊಟ್ಟಿ ಮುರದ. "ಒಂದು ತಪ್ಪು ಅಂದ್ರ ಎಲ್ಲಾ ತಪ್ಪು ಅಂತಾರ. ಬಾಯಿ ಮುಚ್ಚು."

"ಆ ಹುಡುಗಿ ಮದಿವಿ ಮುರೀತೈತಿ, ಅಣ್ಣಾ."

"ಮತ್ತೊಂದು ಆಗ್ತೈತಿ. ಪಲ್ಲೆ ನೀಡು."

ನೀಡಿದೆ. ಆತನ ಬಾಯಿಂದ ಪಲ್ಲೆ ಎಣ್ಣಿ ಗದ್ದದ ಮ್ಯಾಲೆ ಇಳೀತಿತ್ತು. ನನಗ ಊಟ ಸೇರಲಿಲ್ಲ.

3-2-88, ಬುಧವಾರ

ಕೂಡ್ಲಿಗಿಗೆ ಹೋಗಿದ್ದೆ. ಅತ್ತಿಗಿಗೆ ಹಲ್ಲು ನೋವು ಅಂತ ಹೇಳಿ.

ಉಚ್ಚಂಗೆಮ್ಮ ವಾರ್ಡಿನ ಹಿಂದ ಸಿರಿಂಜ್ ಕುದಿಸಾಕತ್ತಿದ್ದಳು. ಎಲ್ಲಾ ಹೇಳಿದೆ — ಫ್ಲಾಪಿ, ಪಂಕ್ತಿ, ಕಟ್ಟಿ. ಕೇಳಕೋತ ಇಕ್ಕಳದಿಂದ ಸಿರಿಂಜ್ ಒಂದೊಂದ ಎತ್ತಿಟ್ಟಳು. ಬೈತಾಳ ಅಂದ್ಕೊಂಡಿದ್ದೆ.

"ನಮ್ಮ ಮನಿಯಾಗ ಬುದ್ಧನ ಫೋಟೋ ಐತ್ರಿ ಅಕ್ಕಾ. ನಾವು ನಕ್ಷತ್ರ ಕೇಳಾ ಮಂದಿ ಅಲ್ಲ. ನನಗ ಪಾಲಣ್ಣ ಬೇಕು, ಅಷ್ಟ." ಇಕ್ಕಳ ಕೆಳಗಿಟ್ಟಳು. "ಅವರವ್ವನ್ನ ಇಲ್ಲಿ ಅಡ್ಮಿಟ್ ಮಾಡಿದ್ರು. ದಿನಾ ಬಂದು ತಾನೇ ಗಂಜಿ ಕುಡಿಸ್ತಿದ್ದ. ಆವಾಗ ನೋಡೀನಿ." ಕಣ್ಣಾಗ ನೀರು ಬರಲಿಲ್ಲ. ಸ್ಟೋವ್ ಸಣ್ಣ ಮಾಡಿದಳು. "ಈಗ ಅಪ್ಪನ ಎದರಿಗೆ ಮಾತಾಡವಲ್ಲ. ಜಂಬಣ್ಣ ಮಾವ ಸೋಮವಾರ ಗುಡಿಗೆ ಕೊಟ್ಟೂರಿಗೆ ಬರ್ತಾರ. ನೀವ ತೋರಿಸ್ರಿ."

8-2-88, ಸೋಮವಾರ

ಇವತ್ತಿಂದು ಇವತ್ತ ಬರೀಬೇಕು.

ಜಂಬಣ್ಣನ್ನ ಗುಡಿ ಹತ್ತಿರದಿಂದ ನಾನೇ ಕರಕೊಂಡು ಬಂದೆ. ಪಡಸಾಲಿ ತುಂಬ ಮಂದಿ. ಅಣ್ಣ ಅದಾನ. ಆತನ್ನ ಕೇಳಲಿಲ್ಲ, ಮಷೀನ್ ಮುಂದ ಕುಂತೆ. ಜಂಬಣ್ಣನ ಹುಟ್ಟಿದ ತಾರೀಖು ಕೇಳಿ ಹೊಡದೆ. ನಡುವ ಫ್ಲಾಪಿ ಬದಲಿ. ಹಾಳಿ ಹರಿದು ಗಟ್ಟಿಯಾಗಿ ಓದಿದೆ: "ಹೆಸರು ಜಂಬಣ್ಣ. ಈ ಕನ್ಯೆಗೆ ಬರುವ ವರ್ಷ ವಿವಾಹ ಯೋಗ."

ಮಂದಿ ಬಿದ್ದು ಬಿದ್ದು ನಕ್ಕರು. ಜಂಬಣ್ಣ ಮೀಸಿ ಮುಟ್ಟಿ ನೋಡ್ಕೊಂಡ. "ನೋಡ್ರಿ," ಅಂದೆ, "ನಿಮ್ಮ ಸೊಸಿಗೆ ಆದದ್ದೂ ಹಿಂಗ."

ಅಣ್ಣ ಎದ್ದ. ಹೊಡೀತಾನ ಅಂದ್ಕೊಂಡೆ. ಹೊಡೀಲಿಲ್ಲ. ನಕ್ಕೋತ ಎಲ್ಲಾರಿಗೂ ಹೇಳಿದ: "ತಪ್ಪು ತಿಳೀಬ್ಯಾಡ್ರಿ. ಇವತ್ತ ಆಕಿ ಹೊರಗದಾಳ. ಮುಟ್ಟಬಾರದಿತ್ತು, ಮುಟ್ಟ್ಯಾಳ. ಅದಕ್ಕ ಮಷೀನ್ ಕೆಟ್ಟೈತಿ."

ಸುಳ್ಳು. ಅಷ್ಟು ಗಂಡಸರ ಮುಂದ. ನಕ್ಕವರು ಹಿಂದಕ್ಕ ಸರಿದರು. ಒಬ್ಬಾಕಿ ಸೆರಗು ಎಳಕೊಂಡಳು. ನಮ್ಮ ಮನಿಯಾಗ ಅಜ್ಜಿ ಕಾಲದಿಂದ ಈ ಮುಟ್ಟಿನ ಮೈಲಿಗಿ ಹಿಡಿದವರಿಲ್ಲ. ಮುಟ್ಟಾದಾಗಲೂ ಲಿಂಗಪೂಜಿ ಬಿಟ್ಟವರಲ್ಲ. ಅಣ್ಣಗ ಗೊತ್ತೈತಿ. ಗೊತ್ತಿದ್ದೇ ಅಂದ.

ಆಮ್ಯಾಲೆ ಗಂಜಳ ತರಿಸಿದ. ಟಿವಿಯಂಥಾ ಆ ಪರದೆ ಮ್ಯಾಲೆ, ಕೀಬೋರ್ಡ್ ಮ್ಯಾಲೆ, ನಾನು ಕುಂತ ಕುರ್ಚಿ ಮ್ಯಾಲೆ ಚಿಮುಕಿಸಿದ. ನಾನು ಹಿತ್ತಲಕ್ಕ ಹೋಗಿ ವಾಂತಿ ಮಾಡ್ಕೊಂಡೆ.

14-2-88, ಭಾನುವಾರ

ಆರು ದಿನ ಅಣ್ಣನ ಜೋಡಿ ಮಾತಿಲ್ಲ. ಪುಸ್ತಕ ಮುಟ್ಟಿಲ್ಲ. ಮಂದಿ ಏನೂ ಕಡಿಮಿ ಆಗಿಲ್ಲ, ಹೆಚ್ಚೇ ಆಗ್ಯಾರ. ಮಡಿ ಮಷೀನ್ ಅಂತ.

ಇವತ್ತು ಜಂಬಣ್ಣ ಬಂದ. ಜೋಡಿಗೆ ಉಚ್ಚಂಗೆಮ್ಮ. ಅಣ್ಣ ಊರಾಗಿಲ್ಲ.

"ನೀ ತೋರಿಸಿದ್ದು ತಿಳೀತವ್ವ," ಅಂದ ಜಂಬಣ್ಣ. "ನನ್ನನ್ನ ಕನ್ಯೆ ಮಾಡಿದ ಮಷೀನ್ ಅದು. ಮಗನೂ ಊಟ ಬಿಟ್ಟಾನ. ಖರೇ ಹಾಳಿ ತಗದು ಕೊಡು."

ಎಷ್ಟು ಹಗುರಾತು! ತಗದೆ. ಫ್ಲಾಪಿ ಅಲ್ಲಾಡಲಿಲ್ಲ. ಸ್ವಾತಿ. ಪಾಲಣ್ಣನ ಜಾತಕಕ್ಕ ಕೂಡಿಸಿದೆ. ಮೂವತ್ತಾರಕ್ಕ ಗುಣ ಹದಿನಾಲ್ಕು. ಹದಿನೆಂಟಾದರೂ ಬೇಕು ಅಂತಾರ.

ಜಂಬಣ್ಣ ಹಾಳಿ ತಿರುವಿ ಮುರುವಿ ನೋಡಿದ. "ಇದು ಸಾಲದವ್ವ. ಮೂಲಾ ಅಂತ ಊರೆಲ್ಲಾ ಗೊತ್ತಾಗೈತಿ. ಈಗ ಹದಿನಾಲ್ಕು ಅಂದ್ರ ಅಣ್ಣತಮ್ಮರು ಬಿಡ್ತಾರೇನು? ಮೂವತ್ತು ಅಂತ ಒಂದು ಮಾಡಿಕೊಡು. ನನಗ ಗೊತ್ತು, ನಿನಗ ಗೊತ್ತು. ಅವರಿಗೆ ತೋರಿಸಾಕ."

"ಆಗಂಗಿಲ್ಲ" ಅಂದೆ.

ಆತ ಹೊರಗ ಹೋಗಿ ಬೀಡಿ ಹಚ್ಚಿದ. ಉಚ್ಚಂಗೆಮ್ಮ ಹತ್ತಿರ ಬಂದಳು. ಆಕಿ ಕೈಯಾಗ ಡೆಟಾಲ್ ವಾಸನಿ.

"ಕೊಟ್ಟುಬಿಡ್ರಿ ಅಕ್ಕಾ."

"ಸುಳ್ಳು ಅದು, ಉಚ್ಚಂಗಿ."

"ಮೂಲಾನೂ ಸುಳ್ಳ ಇತ್ತಲ್ರಿ. ಅದನ್ನ ಕೊಟ್ಟ್ರಿ."

ನಾಳೆ ಬೆಳಿಗ್ಗೆ ಬಾ ಅಂದು ಕಳಿಸಿದೆ.

15-2-88, ಬೆಳಿಗ್ಗೆ

ಉಚ್ಚಂಗೆಮ್ಮ ಬರೋ ಹೊತ್ತಾತು. ಹಾಳಿ ಪಕ್ಕದಾಗ ಐತಿ. ಗುಣ ಮೂವತ್ತೊಂದು. ಮೂವತ್ತು ಅಂದರ ನಂಬಾಂಗಿಲ್ಲ ಅನಿಸಿ ಒಂದು ಕೂಡಿಸಿದೆ — ಎಂಥಾ ತಲಿ ನಂದು! ಅದೇ ಅಕ್ಷರ, ಅದೇ ಗೆರಿ. ಯಾರೂ ಗುರುತು ಹಿಡಿಯಾಂಗಿಲ್ಲ. ಬೆರಳು ತೊಳಕೊಂಡೆ, ಮತ್ತೆ ತೊಳಕೊಂಡೆ.

ಅಣ್ಣ ಮೊದಲ ಬಸ್ಸಿಗೆ ಬಂದ. ಹಾಳಿ ಎತ್ತಿ ಓದಿದ. ನನ್ನ ನೋಡಿದ. ಒಂದು ವಾರದ ಮ್ಯಾಲೆ ಮೊದಲನೇ ಮಾತು, ಪ್ರೀತಿಲೇ ಅಂದ: "ಈಗ ಕಲ್ತಿ ನೋಡು, ನೀಲಾ."

ಆಕಿ ಬಾಗಿಲಾಗ ಬಂದು ನಿಂತಾಳ. ನಗ್ತಾ ಅದಾಳ. ಹಾಳಿ ಆಕಿ ಕೈಗೆ ಕೊಡಾಕ ಏಳಬೇಕು. ನಾನು