ಫ್ರೀಜರಿನ ಚೀಟಿ ಓದಬಲ್ಲ ಅಧಿಕಾರಿಗೆ

ಮಾನ್ಯರೇ,

ಕೊರಗಪ್ಪ ಎಲ್ಲಿದ್ದಾನೆ? ಮಸ್ಕತ್ತಿನ ನಮ್ಮ ರಾಯಭಾರ ಕಚೇರಿಯಲ್ಲಿ, ಹೊರದೇಶದಲ್ಲಿ ದುಡಿಯುವವರ ದೂರು ವಿಚಾರಿಸುವ ಕುರ್ಚಿಯಲ್ಲಿ ಕುಳಿತ ತಮಗೆ ಅವನ ಹೆಂಡತಿ ಉಮಾವತಿ ಕಾಪುವಿನಿಂದ ಮೂರು ಕಾಗದ ಬರೆದಳು. "ಸದರಿ ವ್ಯಕ್ತಿಯು ಸ್ವಇಚ್ಛೆಯಿಂದ ಸ್ವದೇಶಕ್ಕೆ ತೆರಳಿರುತ್ತಾರೆ" ಎಂದು ತಾವು ಒಂದೇ ಸಾಲಿನ ಉತ್ತರ ದಯಪಾಲಿಸಿದಿರಿ. ಸ್ವದೇಶದಲ್ಲಿ ಅವನು ಯಾರಿಗೂ ಕಂಡಿಲ್ಲ. ಹೆತ್ತ ತಾಯಿಗೂ ಕಂಡಿಲ್ಲ.

ನಾನು ಪಿಯುಸ್, ಶಿರ್ವದವನು. ಮಸ್ಕತ್ತಿನ ಖುರುಮ್‌ನಲ್ಲಿ ಕಾಕ್‌ಟೇಲಿಗೂ ಕಾಡುಮಾಂಸಕ್ಕೂ ಹೆಸರಾದ ಬಾರ್ ಮತ್ತು ರೆಸ್ಟೋರೆಂಟಿನಲ್ಲಿ ಒಂಬತ್ತು ವರ್ಷದಿಂದ ಅಡುಗೆಯವನು. ಮೆನುವಿನಲ್ಲಿ ‘ನ್ಯೂಜಿಲೆಂಡಿನ ಜಿಂಕೆ’ ಎಂದಿದೆ. ಆ ಜಿಂಕೆ ವಿಮಾನದಿಂದ ಇಳಿದದ್ದನ್ನು ಯಾರೂ ಕಂಡಿಲ್ಲ. ವಾರಕ್ಕೊಮ್ಮೆ ಮರುಭೂಮಿಯ ಕಡೆಯಿಂದ ಟಾರ್ಪಾಲು ಹೊದ್ದ ಪಿಕಪ್ಪು ಹಿಂಬಾಗಿಲಿಗೆ ಬರುವುದನ್ನು ನಾವೆಲ್ಲ ಕಂಡಿದ್ದೇವೆ. ಬೇಟೆಯಾಡಬಾರದೆಂದು ಕಾನೂನಿರುವ ಈ ನೆಲದ್ದೇ ಜಿಂಕೆ. ಅದನ್ನು ಕೊಯ್ದು ಬೇಯಿಸಿದವನು ನಾನು. ನನ್ನ ಕೈಯೂ ಶುದ್ಧವಲ್ಲ, ಒಪ್ಪುತ್ತೇನೆ.

ಸ್ಟೋರು ನೋಡಿಕೊಳ್ಳುತ್ತಿದ್ದ ಕೊರಗಪ್ಪನ ಕೆಲಸ ಫ್ರೀಜರಿನ ಪೊಟ್ಟಣಗಳಿಗೆ ಚೀಟಿ ಬರೆದು ಅಂಟಿಸುವುದು. ಕನ್ನಡ ಬಾರದ ಮ್ಯಾನೇಜರರ ಹಿಂದಿಯ ಆಜ್ಞೆ, ನಮ್ಮ ಮಾತಿನಲ್ಲಿ ಹೇಳುವುದಾದರೆ, ಹೀಗಿತ್ತು: "ನಿನ್ನ ಭಾಷೆಯಲ್ಲೇ ಬರಿ. ಇಂಗ್ಲಿಷ್ ಬೇಡ, ಅರಬ್ಬಿ ಬೇಡ. ಮಲಯಾಳವಂತೂ ಬೇಡವೇ ಬೇಡ, ಅರ್ಧ ಮಸ್ಕತ್ತಿಗೆ ಅದನ್ನು ಓದಲಿಕ್ಕೆ ಬರ್ತದೆ." ಎಂಥ ಮರ್ಯಾದೆ ನಮ್ಮ ಕನ್ನಡಕ್ಕೆ! ಎರಡು ವರ್ಷ ಅವನು ದುಂಡಗಿನ ಅಕ್ಷರದಲ್ಲಿ ‘ಜಿಂಕೆ, ತೊಡೆ’, ‘ಮೊಲ, ಇಡೀ’ ಎಂದು ತಾರೀಕು ಸಮೇತ ಬರೆದ.

ಈ ೧೯೯೩ರ ಫೆಬ್ರವರಿಯಲ್ಲಿ ತಪಾಸಣೆಯವರು ಬಂದು ಒಂದು ಪೊಟ್ಟಣ ಎತ್ತಿ ಇದೇನೆಂದು ಕೇಳಿದರು. ಮ್ಯಾನೇಜರರು ಕಣ್ಣು ಬಿಟ್ಟು ಹೆದರಿಸುತ್ತಿದ್ದರೂ ಕೊರಗಪ್ಪ ಇದ್ದದ್ದನ್ನು ಇದ್ದ ಹಾಗೆ "ಗಸಾಲ್" ಎಂದುಬಿಟ್ಟ; ಅರಬ್ಬಿಯಲ್ಲಿ ಜಿಂಕೆ. ಬಂದವರು ಮ್ಯಾನೇಜರರ ಕೋಣೆಯಲ್ಲಿ ಅರ್ಧ ಗಂಟೆ ಕುಳಿತು ಎದ್ದು ಹೋದರು. ನಾನು ಕೊರಗಪ್ಪನಿಗೆ ಬೈದೆ.

"ನಿಂಗೆ ಮಂಡೆ ಸಮ ಉಂಟಾ ಮಾರಾಯ? ಕುರಿ ಅಂತ ಹೇಳ್ಲಿಕ್ಕೆ ಏನಾಗಿತ್ತು?"

"ತಿನ್ನುವ ವಸ್ತುವಿನ ಮೇಲೆ ಸುಳ್ಳು ಹೇಳಿದ್ರೆ ದೈವ ಬಿಡ್ತದಾ ಪಿಯುಸ್? ಬರ್ದದ್ದು ನಾನೇ ಅಲ್ವಾ."

ಮರುದಿನ ಬೆಳಿಗ್ಗೆ ನಮ್ಮ ವೀಸಾದ ಯಜಮಾನ ಕಫೀಲ್‌ನ ಡ್ರೈವರ್ ಬಂದ. "ಯಲ್ಲಾ, ಏಕ್ ಸೈನ್ ಹೈ, ದಸ್ ಮಿನಿಟ್." ನಡಿ, ಒಂದು ಸಹಿ ಹಾಕಲಿಕ್ಕಿದೆ, ಹತ್ತೇ ನಿಮಿಷ ಅಂತ. ಕೊರಗಪ್ಪ ಏಪ್ರನ್ ಕೂಡ ಬಿಚ್ಚಲಿಲ್ಲ. "ನನ್ನ ಚಾ ಮುಚ್ಚಿಡು" ಎಂದು ಹೇಳಿ ಹೋದ. ಎಂಟು ತಿಂಗಳಾಯಿತು.

ಊರಿಗೆ ಹೋದನಂತೆ! ಗಲ್ಫಿನಿಂದ ಊರಿಗೆ ಹೊರಟವನು ಪೆಟ್ಟಿಗೆ ಬಿಟ್ಟು ಹೋಗುತ್ತಾನೆಯೇ? ಅದು ಅವನ ಮಂಚದಡಿಯಲ್ಲಿ ಇನ್ನೂ ಇದೆ, ಮುಂದಿನ ರಜೆಗೆಂದು ಅವನು ಮೊದಲೇ ಹಗ್ಗ ಬಿಗಿದು, ಮೇಲೆ ವಿಳಾಸ ಬರೆದು ಇಟ್ಟ ಹಾಗೆಯೇ. ಒಳಗೆ ಉಮಾವತಿಗೆ ಸೀರೆ, ಹಾಲಿನ ಪುಡಿಯ ಡಬ್ಬ, ನೆರೆಕರೆಗೆ ಹಂಚಲು ಹದಿನಾಲ್ಕು ಸೆಂಟಿನ ಬಾಟ್ಲಿ. ಬರಿಗೈಯಲ್ಲಿ ಮನೆಯ ಮೆಟ್ಟಿಲು ಹತ್ತಿದ ಗಲ್ಫಿನವನನ್ನು ತಾವು ಎಲ್ಲಾದರೂ ಕಂಡಿದ್ದೀರಾ?

ತಾವು ವಿಚಾರಣೆಗೆ ಬಂದದ್ದು ನಿಜ. ಎಲ್ಲಿಗೆ? ನಮ್ಮ ವಸತಿ ಕೋಣೆಗಲ್ಲ, ಬಾರಿಗೆ. ಮ್ಯಾನೇಜರರ ಅತಿಥಿಯಾಗಿ ಎರಡು ಕಾಕ್‌ಟೇಲ್ ಮುಗಿಸಿ, ಜಿಂಕೆಯ ತೊಡೆ ತಿಂದು, ನನ್ನನ್ನು ಕರೆಸಿ, "ಭಾರೀ ಲಾಯ್ಕಾಗಿದೆ ಮಾರಾಯ, ಊರಿನ ಮಸಾಲೆಯಾ?" ಎಂದಿರಿ. ನಾನು ಕೊರಗಪ್ಪನ ಹೆಸರೆತ್ತಿದೆ. "ಅದು ಖಲಾಸ್ ಆದ ಫೈಲು" ಎಂದು ಬಾಯಿ ಒರೆಸಿಕೊಂಡಿರಿ. ಫೈಲು ಖಲಾಸ್, ಸರಿ. ಮನುಷ್ಯ?

ಈಗ ಚೀಟಿ ಬರೆಯುವ ಕೆಲಸ ನನ್ನದು. "ನಿನ್ನ ಅಕ್ಷರವೂ ಚಂದ" ಎಂದು ಮ್ಯಾನೇಜರರು ಬೆನ್ನು ತಟ್ಟಿದ್ದಾರೆ. ಮೊನ್ನೆ ಆ ಡ್ರೈವರ್ ನನ್ನ ಪೂರ್ತಿ ಹೆಸರು ಕೇಳಿಕೊಂಡು ಹೋದ. ನನಗೆ ಹೆದರಿಕೆಯಾಗಿದೆ, ಮುಚ್ಚುಮರೆ ಯಾಕೆ? ಈ ಕಾಗದವನ್ನು ರಜೆಗೆ ಊರಿಗೆ ಹೊರಟಿರುವ, ಇಲ್ಲಿ ನರ್ಸ್ ಆಗಿರುವ ನಮ್ಮ ಶಿರ್ವದ ಡೊರೊತಿ ಬಾಯಿಯ ಕೈಯಲ್ಲಿ ಮಂಗಳೂರಿನ ಪತ್ರಿಕೆಗೆ ಕಳಿಸುತ್ತಿದ್ದೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಇನ್ನೊಮ್ಮೆ ಬನ್ನಿ, ಈ ಸಲ ಉಂಡು ಬನ್ನಿ. ಕೊರಗಪ್ಪನ ಪಾಸ್‌ಪೋರ್ಟು ಯಾರ ಕಪಾಟಿನಲ್ಲಿದೆ, ಅವನು ಹತ್ತಿದ ವಿಮಾನ ಯಾವುದು, ಕೇಳಿ. ಆಮೇಲೆ ಫ್ರೀಜರ್ ತೆರೆಸಿ. ಶನಿವಾರದಿಂದ ಪ್ರತಿ ಚೀಟಿಯಲ್ಲೂ ತಾರೀಕಿನ ಕೆಳಗೆ ನಾನು ಎರಡು ಪದ ಸೇರಿಸುತ್ತಿದ್ದೇನೆ: ‘ಕೊರಗಪ್ಪ ಎಲ್ಲಿ?’ ಈ ಅಡುಗೆಮನೆಯಲ್ಲಿ ಬೇರೆ ಯಾರಿಗೂ ಅದನ್ನು ಓದಲು ಬರುವುದಿಲ್ಲ. ತಮಗೆ ಬರುತ್ತದೆ.

ಇಂತಿ,
ಪೆಟ್ಟಿಗೆ ಇನ್ನೂ ಕಟ್ಟಿರದ, ಆದ್ದರಿಂದ ಊರಿಗೆ ಹೋಗಿರಲಾರದ
ಅಡುಗೆಯ ಪಿಯುಸ್