ಕಡಲ ದಂಡೆಯ ಸಂಜೆಮಲ್ಲಿಗೆ

ಅತ್ತಿಗೆ,

ಕಾರ್ಡಿಗೆ ಮರಳು ಅಂಟಿದ್ದರೆ ಕೊಡವಿಕೊಳ್ಳಿ, ಕಡಲ ದಂಡೆಯ ತೋಟದಲ್ಲೇ ಕೂತು ಬರೆಯುತ್ತಿದ್ದೇನೆ. ಹೊರಗಿನಿಂದ ಬಂದು ಹಬ್ಬಿದ ಗಿಡಗಳನ್ನು ಕೀಳುವುದು ಇಲ್ಲಿ ನನ್ನ ಕೆಲಸ. ಇವತ್ತು ನೇರಳೆ ಹೂವಿನ ಬಳ್ಳಿಯೊಂದನ್ನು ಕಳೆಯೆಂದು ಕಿತ್ತು, ಪಕ್ಕದ ಸಂಜೆಮಲ್ಲಿಗೆಗೆ ನೀರು ಹೊಯ್ದೆ. ನಮ್ಮ ಹಿತ್ತಲಿನದೇ ಅಲ್ಲವೇ!

ಕೆಲಸ ನೋಡಿಕೊಳ್ಳುವ ಮೇಸ್ತ್ರಿಯಮ್ಮ ಹಣೆ ಚಚ್ಚಿಕೊಂಡರು. "ಮನೆಮಗಳನ್ನ ಆಚೆ ದಬ್ಬಿ ನೆಂಟರಿಗೆ ಬಡಿಸ್ತಿದ್ದೀಯಲ್ಲೇ! ಆ ಬಳ್ಳಿನೇ ಈ ಮರಳಿಂದು."

ಬಳ್ಳಿಯನ್ನು ಮತ್ತೆ ನೆಟ್ಟು ಸಂಜೆಮಲ್ಲಿಗೆಗೆ ಕೈ ಹಾಕಿದರೆ, ಕಡಲ ಮಂಜಿನೊಳಗೆ ಅದರ ಹೂಗಳು ಒಂದೊಂದಾಗಿ ಅರಳತೊಡಗಿದವು. ಗುದ್ದಲಿ ಊರಿ ಇಬ್ಬರೂ ನೋಡುತ್ತ ನಿಂತೆವು.

"ಬೆಳಗ್ಗೆ ಕೀಳು, ಮುದುಡಿರತ್ತೆ," ಎಂದರು.

ನನ್ನ ಕೆಮ್ಮು ವಾಸಿಯಾಗಿದೆ. ಬಸ್ಸು ಬರುವ ಹೊತ್ತಾಯಿತು. ಹಿತ್ತಲಿನ ಸಂಜೆಮಲ್ಲಿಗೆ ಬೀಜ ಕಳಿಸಲೇ ಎಂದು ಕೇಳಿದ್ದಿರಿ. ಬೇಡ ಅತ್ತಿಗೆ, ಇಲ್ಲಿ ಅದನ್ನು ಕೀಳುವವಳೇ ನಾನು.

ನಿಮ್ಮ ನಾದಿನಿ